ಮೋರೇರ ಮನೆಯಲ್ಲಿ ಮಲಗಬಾರದು

ಬೆಂಗಳೂರಿನ ದೀಪಾಂಜಲಿ ನಗರದ ಮೆಟ್ರೊ ನಿಲ್ದಾಣದ ಕೆಳಗೆ, ಮೈಸೂರು ರಸ್ತೆಯಲ್ಲಿ, ನಡುರಾತ್ರಿಯಲ್ಲೂ ಬೆಳಕಿರುತ್ತದೆ, ಆಟೊ ಸಿಗುತ್ತದೆ, 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುವುದಕ್ಕೆ ರಸ್ತೆಯಿರುತ್ತದೆ. ವಾರಾಂತ್ಯಕ್ಕೆ ಟೆಂಟ್ ಹೊತ್ತು ಬಯಲುಸೀಮೆಯ ಗುಡ್ಡಗಳಿಗೆ ಹೊರಡುವವರು ಟಾರ್ಚು, ಪವರ್ ಬ್ಯಾಂಕುಗಳ ಜೊತೆ ಈ ಭರವಸೆಯನ್ನೂ ಬ್ಯಾಗಿಗೆ ತುಂಬಿಕೊಳ್ಳುತ್ತಾರೆ. ಗಂಗಾವತಿಯಿಂದ ಸುಮಾರು 10 ಕಿಲೋಮೀಟರ್ ದೂರದ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಅದು ಉಪಯೋಗಕ್ಕೆ ಬರುವುದಿಲ್ಲ. ಸುರಕ್ಷತೆಯ ಮಾತು ಬಂದಾಗಲೆಲ್ಲ ಏನೇನು ಸಾಮಾನು ಒಯ್ಯಬೇಕೆಂದು ಪಟ್ಟಿ ಮಾಡುತ್ತೇವೆ. ಅಲ್ಲಿ ಮಲಗಲೇಬೇಕೆ ಎಂದು ಮೊದಲು ಕೇಳಿಕೊಂಡರೆ ಪಟ್ಟಿ ಅರ್ಧಕ್ಕಿಳಿಯುತ್ತದೆ.

2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದ ಈ ಗುಡ್ಡದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ನೂರಾರು ಶಿಲಾಸಮಾಧಿಗಳಿವೆ. ಊರವರ ಬಾಯಲ್ಲಿ ಅವು ಮೋರೇರ ಮನೆಗಳು. ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದನ್ನು ಹೊದಿಸಿ, ಒಂದು ಗೋಡೆಯಲ್ಲಿ ದುಂಡನೆಯ ಕಿಂಡಿ ಕೊರೆದಿರುವುದರಿಂದ ನಿಜಕ್ಕೂ ಮನೆಯಂತೆಯೇ ಕಾಣುತ್ತವೆ. ಗಾಳಿಮಳೆ ಬಂದರೆ ಯಾರಿಗಾದರೂ ಒಳಗೆ ನುಸುಳೋಣ ಅನ್ನಿಸೀತು. ಆದರೆ ಅಲ್ಲಿ ಗಾರೆಯಿಲ್ಲ. ಕಲ್ಲಿನ ಭಾರದ ಮೇಲೆ ಕಲ್ಲು ನಿಂತಿದೆ. ಒರಗಿದವನ ಬೆನ್ನಿಗೂ ಚಪ್ಪಡಿಗೂ ಒಟ್ಟಿಗೇ ಕುತ್ತು. ಚಳಿಗೆಂದೋ, ಆ ಸೀಮೆಯ ಕರಡಿ ಚಿರತೆಗಳ ಭಯಕ್ಕೆಂದೋ ಬೆಂಕಿ ಹಾಕಿದರೂ ಅಷ್ಟೇ. ಕಾದ ಗ್ರಾನೈಟ್ ಪದರಪದರವಾಗಿ ಏಳುತ್ತದೆ; ಕಲ್ಲುಕುಟಿಗರು ಬೆಂಕಿ ಹಾಕಿ ಬಂಡೆ ಎಬ್ಬಿಸುತ್ತಿದ್ದುದು ಈ ಗುಣವನ್ನು ನಂಬಿಯೇ. ಹೊಗೆ ಮೇಲೇರಿ ಬಂಡೆಗೆ ಕಟ್ಟಿದ ಹೆಜ್ಜೇನಿಗೆ ತಗುಲಿತೋ, ಓಡಲು ಸಮತಟ್ಟಾದ ನೆಲವಿಲ್ಲ. ಕಲ್ಲುಸಂದಿಗಳು ಚೇಳಿಗೂ ಗರಗಸ ಮಂಡಲಕ್ಕೂ ಇಷ್ಟದ ಜಾಗ. ಕಟ್ಟುಹಾವಂತೂ ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ, ಎಷ್ಟೋ ಸಲ ನೋವೂ ಆಗುವುದಿಲ್ಲ. ಕಚ್ಚಿಸಿಕೊಂಡವರನ್ನು ನಡೆಸಬಾರದು, ಹೊತ್ತೇ ಒಯ್ಯಬೇಕು. ವಿಷಕ್ಕೆ ಮದ್ದಿರುವುದು ಆಸ್ಪತ್ರೆಯಲ್ಲಿ. ಬಂಡೆಯಿಂದ ಬಂಡೆಗೆ ಕಾಲಿಡುತ್ತ ಕತ್ತಲಲ್ಲಿ ಒಬ್ಬರನ್ನು ಹೊತ್ತಿಳಿಸುವ ಕೆಲಸ ಊಹಿಸಿಕೊಂಡರೆ ಸಾಕು, ಪ್ರಥಮ ಚಿಕಿತ್ಸೆಯ ಡಬ್ಬಿ ಎಷ್ಟು ಚಿಕ್ಕದೆಂದು ಗೊತ್ತಾಗುತ್ತದೆ.

ಪುರಾತತ್ವಜ್ಞರು ಇಂಥಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡುವುದಿಲ್ಲವೆ ಎಂದು ಕೇಳಬಹುದು. ಹೂಡುತ್ತಾರೆ. ಆದರೆ ಉತ್ಖನನದ ಬಿಡಾರವೆಂದರೆ ಅನುಮತಿ, ಕಾವಲು, ಜೀಪು, ನೀರೆಲ್ಲಿದೆ ಹುತ್ತವೆಲ್ಲಿದೆ ಎಂದು ಬಲ್ಲ ಊರಿನ ಕೂಲಿಕಾರರು. ಅವರನ್ನು ಕಾಯುವುದು ಟೆಂಟಿನ ಬಟ್ಟೆಯಲ್ಲ, ಆ ಜನ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಹೀಗೆ ಹೆದರಿಸಿದರೆ ಎಳೆಯರು ಇತಿಹಾಸದ ಹತ್ತಿರವೇ ಸುಳಿಯುವುದಿಲ್ಲ, ಯಾರೂ ನೋಡದ ತಾಣವನ್ನು ಯಾರೂ ಉಳಿಸಿಕೊಳ್ಳುವುದಿಲ್ಲ. ಒಪ್ಪೋಣ. ಆದರೆ ನೋಡುವುದಕ್ಕೆ ರಾತ್ರಿ ಯಾಕೆ ಬೇಕು? ಸಂರಕ್ಷಿತ ಸ್ಮಾರಕಗಳಿಗೆ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಪ್ರವೇಶ ಎಂಬುದು 1959ರ ಕೇಂದ್ರ ನಿಯಮ. ಸರ್ಕಾರದ ನಿಯಮವೂ ಕತ್ತಲಾಗುವ ಮುಂಚೆ ಗುಡ್ಡ ಇಳಿಯುವ ಕುರಿಗಾಹಿಯ ವಿವೇಕವೂ ಒಂದೇ ಮಾತು ಹೇಳುವುದು ಅಪರೂಪ, ಇಲ್ಲಿ ಹೇಳುತ್ತಿವೆ.

ಗಂಗಾವತಿಯಲ್ಲಿ ತಂಗಿ, ಹಿರೇಬೆಣಕಲ್ಲಿನವರೊಬ್ಬರಿಗೆ ಕೂಲಿ ಕೊಟ್ಟು ಜೊತೆಗೆ ಕರೆದುಕೊಂಡು, ತಲೆಗೆ ಮೂರು ಲೀಟರ್ ನೀರಿನೊಂದಿಗೆ ಬೆಳಗಾಗುತ್ತಲೇ ಹತ್ತಬೇಕು. ಎಳೆಬಿಸಿಲು ಓರೆಯಾಗಿ ಬೀಳುವ ಆ ಹೊತ್ತಿನಲ್ಲೇ ಕಿಂಡಿಯ ಅಂಚಿನ ಕೆತ್ತನೆ ಚೆನ್ನಾಗಿ ಕಾಣುವುದು. ಹತ್ತು ಗಂಟೆಯ ಹೊತ್ತಿಗೆ ಬಂಡೆಗಳು ಕಾಯತೊಡಗುತ್ತವೆ, ಅಷ್ಟರೊಳಗೆ ಇಳಿದಿರಬೇಕು.