ಹುಡುಗನ ಸಂಬಳ ಕೇಳೋದು ತಪ್ಪಲ್ಲ

ಮೊನ್ನೆ ಅನ್ನಪೂರ್ಣೇಶ್ವರಿ ನಗರದ ನಮ್ಮ ಬೀದಿಯಲ್ಲಿ ತರಕಾರಿ ಗಾಡಿ ಹತ್ತಿರ ಸಿಕ್ಕ ಪಕ್ಕದ್ಮನೆಯವರ ಮುಖ ಬಾಡಿತ್ತು. ಮಗಳ ಮದುವೆಯಾಗಿ ವರ್ಷವಾಯಿತು. ಅಳಿಯ ಅಮೆರಿಕದ ಪ್ರಜೆ. ಮಗಳು ಮಾತ್ರ ಇನ್ನೂ ತವರಲ್ಲೇ. 'ಅವರ ಸಂಬಳ ಸಾಲದಂತೆ ಕಣ್ರೀ, ಅದಕ್ಕೇ ವೀಸಾ ನಿಂತಿದೆ. ಅಮೆರಿಕದಲ್ಲಿದ್ದೂ ಸಂಬಳ ಸಾಲದೆ ಹೋಗುತ್ತಾ?' ಎಂದು ಕಣ್ಣೊರೆಸಿಕೊಂಡರು.

ಹೋಗುತ್ತೆ. ಅಲ್ಲೂ ಅಂಗಡಿ, ಪೆಟ್ರೋಲ್ ಬಂಕಿನಲ್ಲಿ ದುಡಿಯುವವರಿದ್ದಾರೆ. ಹೆಂಡತಿಯನ್ನು ಕಾಯಂ ಆಗಿ ಕರೆಸಿಕೊಳ್ಳಬೇಕಾದರೆ ಗಂಡ 'ಇವಳನ್ನು ನೋಡಿಕೊಳ್ಳುವ ಹೊಣೆ ನನ್ನದು' ಎಂದು ಐ-864 ಎಂಬ ಪತ್ರಕ್ಕೆ ಸಹಿ ಹಾಕಬೇಕು. ಆದಾಯವೂ ಅಲ್ಲಿನ ಸರ್ಕಾರದ ಬಡತನ ರೇಖೆಗಿಂತ ಶೇ. 25ರಷ್ಟಾದರೂ ಹೆಚ್ಚಿರಬೇಕು. 2025ರ ಲೆಕ್ಕದಲ್ಲಿ, ಬಹುತೇಕ ರಾಜ್ಯಗಳಲ್ಲಿ ಇಬ್ಬರ ಸಂಸಾರಕ್ಕೆ ವರ್ಷಕ್ಕೆ ಸುಮಾರು 26,400 ಡಾಲರ್. ಬ್ರಿಟನ್ ಇನ್ನೂ ಬಿಗಿ. 2012ರಲ್ಲಿ 18,600 ಪೌಂಡ್ ಇದ್ದ ಮಿತಿಯನ್ನು 2024ರ ಏಪ್ರಿಲ್‌ನಲ್ಲಿ 29,000ಕ್ಕೆ ಏರಿಸಿದರು.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ಅಮೆರಿಕದಲ್ಲಿ ಗಂಡನ ಆದಾಯ ಸಾಲದಿದ್ದರೆ ಅಲ್ಲೇ ವಾಸವಿರುವ, ಸಾಕಷ್ಟು ಆದಾಯವಿರುವ ಪ್ರಜೆಯೋ ಗ್ರೀನ್ ಕಾರ್ಡ್ ಇರುವವರೋ ಜೊತೆಗೆ ಹೊಣೆ ಹೊರಬಹುದು. ನೆಂಟರೇ ಆಗಬೇಕೆಂದಿಲ್ಲ. ಉಳಿತಾಯ, ಆಸ್ತಿಯನ್ನೂ ತೋರಿಸಬಹುದು. ಆದರೆ ಇದು ಬರೀ ಸಹಿಯಲ್ಲ. ನಾಳೆ ವಿಚ್ಛೇದನವಾದರೂ ಹೊಣೆ ತಪ್ಪದು. ಸಾಮಾನ್ಯವಾಗಿ ಆಕೆ ಅಲ್ಲಿನ ಪ್ರಜೆಯಾಗುವವರೆಗೆ, ಇಲ್ಲವೇ ಸುಮಾರು ಹತ್ತು ವರ್ಷದ ದುಡಿಮೆ ಲೆಕ್ಕಕ್ಕೆ ಸೇರುವವರೆಗೆ ಅದು ಇರುತ್ತದೆ. ಆದ್ದರಿಂದ ಆ ಪತ್ರದ ಒಂದು ನಕಲು ಮಗಳ ಕೈಯಲ್ಲಿರಲಿ. ಕಷ್ಟಕಾಲಕ್ಕೆ ಬೇಕಾಗುತ್ತದೆ.

ಕಡಿಮೆ ಸಂಬಳ ಅವಮಾನವಲ್ಲ. ಮುಚ್ಚಿಡುವುದು ತಪ್ಪು. ನಕ್ಷತ್ರ, ಗೋತ್ರ ಎಲ್ಲ ಕೇಳುವ ನಾವು 'ತೆರಿಗೆ ಕಟ್ಟಿದ ಪತ್ರ ತೋರಿಸಪ್ಪಾ' ಅನ್ನಲು ಮಾತ್ರ ಹಿಂಜರಿಯುತ್ತೇವೆ. 'ಏನಂದ್ಕೊಳ್ತಾರೋ' ಅನ್ನೋ ಸಂಕೋಚ! ಛತ್ರ ಬುಕ್ ಮಾಡುವ ಮುಂಚೆಯೇ ಕೇಳಿ. ಹುಡುಗ ಪ್ರಜೆಯೋ, ಗ್ರೀನ್ ಕಾರ್ಡಿನವನೋ, ಕೆಲಸದ ವೀಸಾದಲ್ಲಿದ್ದಾನೋ? ಆದಾಯ ಎಷ್ಟು? ಸಾಲದಿದ್ದರೆ ಜೊತೆಗೆ ಸಹಿ ಹಾಕುವವರು ಯಾರು? ನೆಟ್ಟಗಿರುವ ಹುಡುಗ ಬೇಜಾರು ಮಾಡಿಕೊಳ್ಳಲ್ಲ.

ಇನ್ನೊಂದು ಮಾತು. 'ವೀಸಾಗೆ ದುಡ್ಡು ತೋರಿಸಬೇಕು, ನೀವೇ ಕೊಡಿ' ಎಂದು ಬೀಗರು ಕೈ ಚಾಚಿದರೆ ಹುಷಾರು. ಮಗಳ ಭವಿಷ್ಯ ಅಂತ ಸೈಟು ಮಾರಬೇಡಿ. ಹೆಸರು ಯಾವುದಿಟ್ಟರೂ ಅದು ವರದಕ್ಷಿಣೆಯೇ. 1961ರಿಂದಲೂ ಅದಕ್ಕೆ ಕಾನೂನಿನ ನಿಷೇಧವಿದೆ.

ವಿದೇಶದ ಅಳಿಯ ಅಂತ ಬೀಗುವ ಮುಂಚೆ ನಾಲ್ಕು ಪ್ರಶ್ನೆ ಕೇಳಿದರೆ, ಮಗಳು ತವರಲ್ಲಿ ಕೂತು ಫೋನಿಗೆ ಕಾಯುವುದು ತಪ್ಪುತ್ತದೆ. ನೀವೇನಂತೀರಿ?