ಸೌದೆಗೆ ಗುರುತು ಹಾಕುವ ಮುಂಚೆ ಹೂ ನೋಡಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆ ಹೊಗೆಸೊಪ್ಪಿನವರು ಬ್ಯಾರನ್ನಿಗೆ ಸೌದೆ ಒಟ್ಟುವುದು ಬೇಸಿಗೆಯಲ್ಲಿ. ಒಂದು ಕಿಲೋ ಸೊಪ್ಪು ಹದ ಮಾಡಲು ನಾಲ್ಕೈದು ಕಿಲೋ ಸೌದೆ ಬೇಕು. ಬದು, ಗೋಮಾಳದ ಕಾಡುಮರಗಳು ಹೂ ಬಿಡುವ ಕಾಲವೂ ಅದೇ. ಎಲೆ ಉದುರಿಸಿ ನಿಂತ ಮರವನ್ನು ಒಣಗಿದ ಮರ ಅಂತ ಕಡಿಯುವವರಿದ್ದಾರೆ. ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಬದು ಸುತ್ತಿ ಬನ್ನಿ, ಹೂ ನೋಡಿ ಮರದ ಹೆಸರು ತಿಳಿದುಕೊಳ್ಳಿ, ಆಮೇಲೆ ಕೊಡಲಿ ತಗೊಳ್ಳಿ ಅನ್ನೋದು ನನ್ನ ಮಾತು.

ಕೆಂಪು ಹೂವಿನವು ಮುಖ್ಯವಾಗಿ ಮೂರು. ಮುತ್ತುಗದ ಹೂ ಕಿತ್ತಳೆಗೆಂಪು, ಗಿಣಿ ಕೊಕ್ಕಿನಂತೆ ಬಾಗಿರುತ್ತೆ, ಬುಡದ ಬಟ್ಟಲು ಕಪ್ಪು ಮಖಮಲ್ಲಿನಂತೆ. ಕಾಂಡ ಸೊಟ್ಟ, ಮುಳ್ಳಿಲ್ಲ. ಹಾಲುವಾಣಕ್ಕೂ ಮುತ್ತುಗದಂತೆ ಮೂರೆಲೆಯೇ, ಆದರೆ ಮುಳ್ಳುಂಟು, ಹೂ ರಕ್ತಗೆಂಪು. ಬೂರುಗದ್ದು ಐದು ದಪ್ಪ ಎಸಳಿನ ದೊಡ್ಡ ಹೂ, ಎಲೆ ಅಂಗೈ ಬೆರಳು ಬಿಡಿಸಿದ ಹಾಗೆ. ಇವುಗಳ ಕೆಳಗೆ ಅರ್ಧ ಗಂಟೆ ಸುಮ್ಮನೆ ನಿಂತರೆ ಗೊರವಂಕ, ಸೂರಕ್ಕಿ, ಅಳಿಲು ಎಲ್ಲ ಕಾಣುತ್ತೆ. ಕಾಸು ಖರ್ಚಿಲ್ಲದ ಜಾತ್ರೆ! ಬೂರುಗ, ಹಾಲುವಾಣ ಮೆದು ಮರ, ಬೇಗ ಉರಿದು ಬೂದಿಯಾಗುತ್ತೆ, ಕಾವು ನಿಲ್ಲಲ್ಲ. ಕಡಿದು ಏನು ಲಾಭ?

ಯುಗಾದಿ ಹೊತ್ತಿಗೆ ಹೊಂಗೆ ಹೂವಾಗುತ್ತೆ. ನೆಲದ ಮೇಲೆ ನಸುನೇರಳೆ ಹೂ ಉದುರಿದ್ದರೆ ತಲೆ ಎತ್ತಿ ನೋಡಿ, ಜೇನಿನ ಸದ್ದು ಕೇಳಿಸುತ್ತೆ. ರಾಗಿ ಹೊಲದ ಅಕ್ಕಡಿಗೆ ಹುಚ್ಚೆಳ್ಳು ಹಾಕುವವರು ಇದನ್ನು ಗಮನಿಸಬೇಕು. ಜೇನು ಬಾರದೆ ಹುಚ್ಚೆಳ್ಳು ಸರಿಯಾಗಿ ಕಾಳು ಕಟ್ಟಲ್ಲ. ಬೇಸಿಗೆಯಲ್ಲಿ ಜೇನಿಗೆ ಮೇವು ಕಳೆದವರಿಗೆ ಮಳೆಗಾಲ ಮುಗಿದ ಮೇಲೆ ಜೇನು ಎಲ್ಲಿಂದ ಬರಬೇಕು?

ಸೌದೆಗೇನು ಮಾಡೋದು ಅಂತ ಕೇಳ್ತೀರಿ. ಸರ್ವೆ, ಸಿಲ್ವರ್ ನೆಟ್ಟುಕೊಳ್ಳಿ. ತಾನಾಗಿ ಬಂದ ಮರ ಉಳಿಯಲಿ.

ಹಳದಿ ಹೂವಿನಲ್ಲಿ ಮಾತ್ರ ಮೋಸ ಹೋಗಬೇಡಿ. ಕಕ್ಕೆ ಬೇಸಿಗೆಯಲ್ಲಿ ಹೂವಾಗುತ್ತೆ, ಗೊಂಚಲು ಕೆಳಕ್ಕೆ ಇಳಿಬಿದ್ದಿರುತ್ತೆ, ಕಾಯಿ ಕೋಲಿನಂತೆ ಉದ್ದ. ನಾಗರಹೊಳೆ ಕಾಡಿನಲ್ಲಿ ಹಬ್ಬಿರುವ ಸೆನ್ನಾ ಸ್ಪೆಕ್ಟಾಬಿಲಿಸ್ ಅಮೆರಿಕ ಖಂಡದ ಮರ. ಗೊಂಚಲು ರೆಂಬೆ ತುದಿಯಲ್ಲಿ ಮೇಲಕ್ಕೆ ನಿಲ್ಲುತ್ತೆ, ಎಲೆ ಸಣ್ಣವು, ಸಾಲುಸಾಲು. ಅದರಡಿ ಹುಲ್ಲು ಬೆಳೆಯಲ್ಲ. ಬರೀ ಕಡಿದರೆ ಬುಡದಿಂದ ಹತ್ತು ಚಿಗುರು ಬರುತ್ತೆ. ನಿಮ್ಮ ಬದುವಿನಲ್ಲಿ ಕಂಡರೆ ಸಸಿಯಲ್ಲೇ ಬೇರು ಸಮೇತ ಕೀಳಿ.