ಹೋಗಿ ಬರೋದಕ್ಕೂ ಇಂಗ್ಲಿಷ್ ಬೇಕಾ?

ಜಪಾನೀಸ್ ಕಷ್ಟ ಅನ್ನೋರ ಮೇಲೆ ನನಗೆ ಸಿಟ್ಟಿಲ್ಲ. ಅದನ್ನ ನಮಗೆ ಇಂಗ್ಲಿಷಿನ ಮೂಲಕ ಕಲಿಸಿ, ಆಮೇಲೆ ಕಷ್ಟ ಅಂತ ಹೆದರಿಸೋರ ಮೇಲೆ ಇದೆ.

ಆಫೀಸು ಮುಗಿಸಿ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಎನ್5 ಕ್ಲಾಸಿಗೆ ಹೋಗ್ತಿದ್ದೆ. ಪರೀಕ್ಷೆಯ ಐದು ಮೆಟ್ಟಿಲಲ್ಲಿ ತೀರಾ ಕೆಳಗಿನದು ಅದು. ಮೊದಲ ವಾರವೇ ಮೇಡಂ ಎಚ್ಚರಿಸಿದರು: "ಇಲ್ಲಿ ಎಲ್ಲಾ ಉಲ್ಟಾ. ಕ್ರಿಯಾಪದ ಕೊನೆಗೆ ಬರುತ್ತೆ!" ಯಾರಿಗೆ ಉಲ್ಟಾ ಸ್ವಾಮಿ? 'ನಾನು ನೀರು ಕುಡೀತೀನಿ' ಅನ್ನೋದು 'ವತಾಶಿ ವ ಮಿಜು ಒ ನೊಮಿಮಾಸ್'. ಅದೇ ಸಾಲು, ಅದೇ ವರಸೆ. ಪಕ್ಕದ ಬೆಂಚಿನ ತಮಿಳಿನವನಿಗೂ ಹಿಂದಿಯವಳಿಗೂ ಕ್ರಿಯಾಪದ ಕೊನೆಗೇ. ಆದರೂ ಇಡೀ ಕ್ಲಾಸು ಅದನ್ನ 'ಐ ಡ್ರಿಂಕ್ ವಾಟರ್' ಮಾಡಿಕೊಂಡು, ಮತ್ತೆ ತಲೆಕೆಳಗು ಮಾಡಿ ಬೆವರ್ತಿತ್ತು.

'ತಬೆತೆ ಮಿತೆ' ಅಂದ್ರೆ ತಿಂದು ನೋಡು. ತಬೆತೆ ತಿಂದು, ಮಿತೆ ನೋಡು. ಅಷ್ಟೇ ಕಣ್ರೀ! ಮರೆತುಬಿಟ್ಟೆ ಅನ್ನೋದ್ರಲ್ಲಿರೋ ಆ 'ಬಿಟ್ಟೆ' ಕೂಡ ಅವರಲ್ಲಿದೆ: 'ವಸುರೆತೆ ಶಿಮತ್ತ'. ಮನೆಯಿಂದ ಹೊರಡುವಾಗ ಅವರು 'ಇತ್ತೆ ಕಿಮಾಸ್' ಅಂತಾರೆ, ಅಂದ್ರೆ ಹೋಗಿ ಬರ್ತೀನಿ. ನನ್ನ ಪುಸ್ತಕದಲ್ಲಿ ಅದರ ಅರ್ಥ 'ಐ ಯಾಮ್ ಆಫ್'. ನಮ್ಮಜ್ಜಿ ಕೇಳಿದ್ದರೆ ಬಿಡ್ತು ಅನ್ನು ಅಂತಿದ್ದಳು.

ಹಾಗಂತ ಜಪಾನೀಸ್ ಸಲೀಸು ಅಂತ ಬುರುಡೆ ಬಿಡಲ್ಲ. ಕಾಂಜಿ ಇದೆ. ದಿನಬಳಕೆಗೆ ಅಂತ ಅಲ್ಲಿನ ಸರ್ಕಾರ ಮಾಡಿರೋ ಪಟ್ಟಿಯಲ್ಲೇ 2,136. ಭಾನುವಾರಕ್ಕೆ 'ನಿಚಿಯೋಬಿ' ಅಂತಾರೆ, ಮೂರು ಅಕ್ಷರ. ಮೊದಲನೆಯದೂ ಕೊನೆಯದೂ ಒಂದೇ, ಆದರೆ ಮೊದಲು ಬಂದ್ರೆ 'ನಿಚಿ', ಕೊನೆಗೆ ಬಂದ್ರೆ 'ಬಿ'. ಬರೆದಂತೆ ಓದಿ ಬೆಳೆದ ನಮಗೆ ನಿಜವಾದ ಪೆಟ್ಟು ಇದು, ಇಲ್ಲಿ ಕನ್ನಡ ಕೈ ಹಿಡಿಯಲ್ಲ. ಇದಕ್ಕೆ ಉಳಿಸಿಕೊಳ್ಳಬೇಕಿದ್ದ ದಮ್ಮನ್ನೆಲ್ಲ ನಮಗೆ ಗೊತ್ತಿರೋ ವ್ಯಾಕರಣಕ್ಕೇ ಸುರಿದು ಸುಸ್ತಾಗ್ತೀವಿ.

ನನ್ನ ಜೊತೆ ಹಾಸನದ ಕಡೆಯ ಹುಡುಗನೊಬ್ಬ ಸೇರಿದ್ದ. ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ಆರನೇ ವಾರಕ್ಕೆ "ನನ್ ತಲೆಗೆ ಭಾಷೆ ಹತ್ತಲ್ಲ ಗುರೂ" ಅಂತ ಬಿಟ್ಟೇಬಿಟ್ಟ. ಫೀಸೂ ಹೋಯ್ತು, ಒಸಾಕಾ ಪ್ರಾಜೆಕ್ಟೂ ಹೋಯ್ತು. ಅವನಿಗೆ ಹತ್ತದೇ ಇದ್ದದ್ದು ಪಾಠದ ಇಂಗ್ಲಿಷು.

ಕನ್ನಡದಲ್ಲಿ ಒಂದು ಬ್ಯಾಚ್ ಮಾಡಿ ಅಂತ ಹೋಗಿ ಕೇಳಿದೆ. "ಜಪಾನೀಸ್ ಕಲಿಯೋಕೆ ಬರೋರಿಗೆ ಇಂಗ್ಲಿಷ್ ಬಂದೇ ಬರುತ್ತಲ್ಲ ಸರ್" ಅಂದ್ರು. ಅಂದಿದ್ದು ಕನ್ನಡದಲ್ಲೇ.